ಕಾಲಿಗೊಂದು, ಗಾಲಿಗೊಂದು

ಡಾಕ್ಟರ್ ಶ್ರೀಪಾದರಾಯರ ಕಾರಿನ ಮೀಟರಿನ ಪಕ್ಕದಲ್ಲಿ ಒಂದು ಹಳದಿ ದೀಪ ಹೊತ್ತಿಕೊಂಡು ತಿಂಗಳಾಗುತ್ತ ಬಂದಿತ್ತು. ದೀಪವೆಂದರೆ ಹೆಸರುಕಾಳಿನಷ್ಟು. ಅದರೊಳಗೆ ಎ, ಬಿ, ಎಸ್ ಎಂಬ ಮೂರು ಇಂಗ್ಲಿಷ್ ಅಕ್ಷರ. ಡ್ರೈವರ್ ಅಂಬಾರಾಯನಿಗೆ ಅಕ್ಷರ ಓದಲು ಬರುತ್ತಿತ್ತು, ಅರ್ಥ ಗೊತ್ತಿರಲಿಲ್ಲ. ಡಾಕ್ಟರಿಗೆ ಅದು ಬ್ರೇಕಿಗೆ ಸಂಬಂಧಪಟ್ಟಿದ್ದೆಂದು ಗೊತ್ತಿತ್ತು, ಅದಕ್ಕಿಂತ ಹೆಚ್ಚು ತಿಳಿದುಕೊಳ್ಳಲು ಪುರಸೊತ್ತಿರಲಿಲ್ಲ. ಅಫಜಲಪುರದಂಥ ಊರಿನಲ್ಲಿ ದವಾಖಾನೆ ಇಟ್ಟುಕೊಂಡವರಿಗೆ ಊಟಕ್ಕೇ ಪುರಸೊತ್ತಿರುವುದಿಲ್ಲ. ಮುಂಬಯಿಯ ಸ್ನೇಹಿತನೊಬ್ಬ ಊರು ಬಿಡುವಾಗ ತನ್ನ ಹೊರದೇಶದ ಕಾರನ್ನು ಇವರ ಕೊರಳಿಗೆ ಕಟ್ಟಿ ಹೋಗಿದ್ದ. ಅದರ ಜೊತೆ ಬರಬೇಕಾಗಿದ್ದ ಪುಸ್ತಕ ಬಂದಿರಲಿಲ್ಲ.

ತೊಂಬತ್ತೇಳರ ಶ್ರಾವಣದ ಒಂದು ಬೆಳಿಗ್ಗೆ ಡಾಕ್ಟರು ದವಾಖಾನೆಗೆ ಹೋಗುವ ಅವಸರದಲ್ಲೇ ಹುಕುಂ ಹೊರಡಿಸಿದರು.

"ಅವ್ವನ್ನ ಆಳಂದಕ್ಕ ಕರ್ಕೊಂಡ ಹೊಂಟೀದಿ. ಅಲ್ಲೇ ಬುರಾನುದ್ದೀನಗ ಗಾಡಿ ತೋರ್ಸು. ಆ ಲೈಟ್ ಆರಿದ ಮ್ಯಾಲೇ ವಾಪಸ್ ಬಾ. ಆರಲಿಲ್ಲಂದ್ರ ಫೋನ್ ಮಾಡು, ನಾ ಬ್ಯಾರೆ ವ್ಯವಸ್ಥಾ ಮಾಡ್ತೇನಿ."

ಹಿಂದಿನ ಸೀಟಿನಲ್ಲಿ ಆಗಲೇ ಕೂತಿದ್ದ ತಾಯಿ ಭಾಗೀರಥಿಬಾಯಿ ಮಗನ ಕಡೆ ಕಣ್ಣು ಬಿಟ್ಟರು. "ಮುಂಜಾನೆದ್ದು ದೀಪ ಆರಿಸೂ ಮಾತಾಡ್ತೀಯೇನೋ? ದೊಡ್ಡದ ಮಾಡ್ಸು ಅನ್ನು."

ಆ ಮನೆಯಲ್ಲಿ ದೀಪ ಆರಿಸುವ ಪದ್ಧತಿ ಇರಲಿಲ್ಲ. ದೇವರ ಮುಂದಿನ ದೀಪವಿರಲಿ, ಅಡುಗೆಮನೆಯ ಬುಡ್ಡಿಯಿರಲಿ, 'ದೊಡ್ಡದು ಮಾಡು' ಅಂದರೆ ಆರಿಸು ಎಂದೇ ಅರ್ಥ. ಹೀಗೆ ಹೆಸರುಕಾಳಿನಷ್ಟಿದ್ದ ದೀಪವನ್ನು ದೊಡ್ಡದು ಮಾಡಿಸಲು ಅಂಬಾರಾಯ ಆಳಂದದ ದಾರಿ ಹಿಡಿದ. ಅವನ ತಲೆಯಲ್ಲಿ ಕೊರೆಯುತ್ತಿದ್ದುದು ದೀಪವಲ್ಲ, 'ಬ್ಯಾರೆ ವ್ಯವಸ್ಥಾ' ಎಂಬ ಮಾತು. ಅದಕ್ಕೆ ಬೇರೆ ಡ್ರೈವರ್ ಎಂಬ ಒಂದೇ ಅರ್ಥ ಅವನಿಗೆ ಹೊಳೆದಿತ್ತು. ಅದಕ್ಕೊಂದು ಕಾರಣವೂ ಇತ್ತು.

ಮುಂಗಾರಿನ ಮೊದಲ ಮಳೆ ಬಿದ್ದ ದಿನ. ಬಾಯಿಯವರನ್ನು ಅವರ ತವರೂರು ಜೇವರ್ಗಿಯಿಂದ ಕೂಡಿಸಿಕೊಂಡು ಬರುತ್ತಿದ್ದ. ರಸ್ತೆಯ ತುಂಬ ಟ್ರ್ಯಾಕ್ಟರುಗಳು ಹೊತ್ತು ತಂದ ಎರೆಮಣ್ಣಿನ ರಾಡಿ. ಎಲ್ಲಿಂದಲೋ ಒಂದು ಎಮ್ಮೆ ಅಡ್ಡ ಬಂತು. ಅಂಬಾರಾಯ ಬ್ರೇಕನ್ನು ತುಳಿದ. ತುಳಿದ ಕೂಡಲೇ ಕಾಲು ಗಡಗಡ ನಡುಗಿತು. ಪಾದ ನಡುಗಿತು, ಮೀನಖಂಡ ನಡುಗಿತು, ಮೊಳಕಾಲಿನ ತನಕ ಬಂತು. ಕಬ್ಬಿನ ಲಾರಿ, ಸರಕಾರಿ ಜೀಪು, ಅಂಬಾಸಿಡರ್ ಎಲ್ಲವನ್ನೂ ಪಳಗಿಸಿದ ಕಾಲು ಅದು. ಅವನ ಜೀವಮಾನದಲ್ಲಿ ಯಾವ ಬ್ರೇಕೂ ಹೀಗೆ ನಡುಗಿದ್ದಿಲ್ಲ. ಆದ್ದರಿಂದ ನಡುಗಿದ್ದು ಬ್ರೇಕಲ್ಲ, ತನ್ನ ಕಾಲು ಎಂದು ಆ ಗಳಿಗೆಯಲ್ಲೇ ತೀರ್ಮಾನ ಮಾಡಿಬಿಟ್ಟ. ಹೆದರಿ ಕಾಲೆತ್ತಿದ. ಕಾರು ಎಮ್ಮೆಯನ್ನು ಬಿಟ್ಟು ಪಕ್ಕದ ಹರಗಿದ ಹೊಲಕ್ಕೆ ಇಳಿದು, ಮುಂದಿನ ಗಾಲಿ ಹುಗಿದುಕೊಂಡು ನಿಂತಿತು.

ಅಂಬಾರಾಯನ ಅಪ್ಪ ಜೇವರ್ಗಿ ಬಜಾರಿನಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡಿದ್ದವನು. ಅವನಿಗೂ ಕಾಲಿನಿಂದಲೇ ಶುರುವಾಗಿತ್ತು. ಮಷೀನು ತುಳಿಯುವಾಗಷ್ಟೇ ಕಾಲು ನಡುಗುತ್ತಿತ್ತು, ಎದ್ದು ನಿಂತರೆ ಏನೂ ಇಲ್ಲ. ಆಮೇಲೆ ಕೈಗೆ ಬಂತು. ಆಮೇಲೆ ನೀರಿನ ತಂಬಿಗೆಯನ್ನೂ ಹೆಂಡತಿಯೇ ಬಾಯಿಗೆ ಹಿಡಿಯಬೇಕಾಯಿತು. ಇದನ್ನೆಲ್ಲ ಕಣ್ಣಾರೆ ಕಂಡಿದ್ದ ಅಂಬಾರಾಯನಿಗೆ, ಹೊಲದ ರಾಡಿಯಲ್ಲಿ ಸ್ಟೇರಿಂಗ್ ಹಿಡಿದು ಕೂತಾಗ, ಎಮ್ಮೆಯಾಗಲಿ ಕಾರಾಗಲಿ ನೆನಪಿಗೆ ಬರಲಿಲ್ಲ. ಅಪ್ಪನ ಕಾಲು ನೆನಪಿಗೆ ಬಂತು.

ಮನೆಗೆ ಬಂದ ಮೇಲೆ ಭಾಗೀರಥಿಬಾಯಿ ಮಗನಿಗೆ ಹೇಳಿದ್ದು ಇಷ್ಟೇ: "ಎಮ್ಮಿ ಬಂತು, ನಾ ಚೀರಿದೆ, ಅಂವ ಗಾಬರಿ ಆದ." ಡಾಕ್ಟರು ಕೇಳಿಕೊಂಡು, ಅಂಬಾರಾಯನನ್ನು ಹೊರಗೆ ಕರೆದು, "ಅವ್ವ ಕೂಡೂ ಗಾಡಿ ಇದು. ಇನ್ನೊಮ್ಮೆ ಹಿಂಗಾದ್ರ ನಾ ವಿಚಾರ ಮಾಡಬೇಕಾಗ್ತದ" ಎಂದಿದ್ದರು. ಬಾಯಿಯವರು ಚೀರಿದ್ದು ಅಂಬಾರಾಯನಿಗೆ ಕೇಳಿಸಿರಲಿಲ್ಲ. ಗಾಬರಿಯಲ್ಲಿ ಕಿವಿಗೆ ಬಿದ್ದಿರಲಿಕ್ಕಿಲ್ಲ ಎಂದುಕೊಂಡು ಸುಮ್ಮನಾಗಿದ್ದ.

ಆಮೇಲೆಯೂ ಕಾಲಿನ ನಡುಕ ಬಿಡಲಿಲ್ಲ. ಜಲ್ಲಿ ಕಿತ್ತ ದಾರಿಯಲ್ಲಿ ಬ್ರೇಕು ಜೋರಾಗಿ ತುಳಿದರೆ ಸಾಕು, ಗಡಗಡ. ಮೆಲ್ಲಗೆ ತುಳಿದರೆ ಏನಿಲ್ಲ. ಇಡೀ ತಾಲೂಕಿನ ಜನ ಕೈಕಾಲು ತೋರಿಸಲು ಸಾಲು ಹಚ್ಚುವ ಡಾಕ್ಟರ ಮನೆಯ ಡ್ರೈವರು ತನ್ನ ಕಾಲನ್ನು ಅದೇ ಡಾಕ್ಟರಿಂದ ಬಚ್ಚಿಟ್ಟುಕೊಂಡು ತಿರುಗಿದ. ತೋರಿಸಿದರೆ ರೋಗದ ಹೆಸರು ಗೊತ್ತಾಗುತ್ತಿತ್ತು, ಹೆಸರಿನ ಹಿಂದೆಯೇ ಕೆಲಸವೂ ಹೋಗುತ್ತಿತ್ತು. ಹೆಂಡತಿ ಮಲ್ಕಮ್ಮನಿಗೂ ಹೇಳಲಿಲ್ಲ. ಹಗಲೆಲ್ಲ ಗಾಡಿ ಓಡಿಸಿ ಬಂದು, ತನ್ನ ಕಾಲನ್ನು ತಾನೇ ಕಾಯುತ್ತ ಮಲಗುವುದು ಎಷ್ಟು ದಣಿವಿನ ಕೆಲಸ ಎಂಬುದು ಮಾಡಿದವರಿಗೇ ಗೊತ್ತು.

ಆಷಾಢದ ಹುಣ್ಣಿಮೆಗೆ ಬಾಯಿಯವರನ್ನು ಗಾಣಗಾಪುರಕ್ಕೆ ಕರೆದೊಯ್ದಿದ್ದ. ಅವರು ದರ್ಶನಕ್ಕೆ ಹೋದ ಮೇಲೆ, ಸಂಗಮದ ದಾರಿಯಲ್ಲಿ ಕರಿದಾರ ಮಾರುತ್ತ ಕೂತಿದ್ದ ಒಬ್ಬ ಮುದುಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಎಲ್ಲ ಹೇಳಿಕೊಂಡ. ಗುರುತಿಲ್ಲದವರ ಮುಂದೆ ಹೇಳಿಕೊಳ್ಳುವುದು ಸುಲಭ. ಮುದುಕಿ ಕೇಳಿ, ಕುದುರೆ ಲಾಳದ ಮೊಳೆ ಕಟ್ಟಿದ ಎರಡು ದಾರ ತೆಗೆದು ಕೊಟ್ಟಳು.

"ಎರಡ್ಯಾಕವ್ವಾ?" ಎಂದ ಅಂಬಾರಾಯ.

"ಗಾಡಿ ಹೊಡಿಯಾಂವಗ ಕಾಲ ಬ್ಯಾರೆ, ಗಾಲಿ ಬ್ಯಾರೆ ಏನಪಾ? ಕಾಲಿಗೊಂದ ಕಟ್ಟು, ಗಾಲಿಗೊಂದ ಕಟ್ಟು."

ಈ ಮಾತು ಅವನ ಮನಸ್ಸಿಗೆ ಎಷ್ಟು ಒಪ್ಪಿತೆಂದರೆ, ಮರು ಪ್ರಶ್ನೆ ಕೇಳಲಿಲ್ಲ. ಒಂದು ದಾರವನ್ನು ಪ್ಯಾಂಟಿನ ಒಳಗೆ ಬಲಗಾಲಿಗೆ ಕಟ್ಟಿಕೊಂಡ. ಇನ್ನೊಂದನ್ನು ಕಾರಿನ ಕೆಳಗೆ ತೂರಿ, ಮುಂದಿನ ಬಲಗಾಲಿಯ ಹಿಂದೆ, ತಿರುಗುವ ಸಲಾಕೆಗೆ ಮೂರು ಸುತ್ತು ಸುತ್ತಿ ಗಂಟು ಹಾಕಿದ. ವಾಪಸು ಬರುವಾಗ, ಊರು ದಾಟಿ ಸ್ವಲ್ಪ ದೂರಕ್ಕೇ ಹಳದಿ ದೀಪ ಹೊತ್ತಿಕೊಂಡಿತು.

ಅದರ ಜೊತೆಗೇ ಕಾಲಿನ ನಡುಕ ನಿಂತುಹೋಯಿತು. ನಂಬಿಕೆ ಬಾರದೆ ಮರುದಿನ ಒಬ್ಬನೇ ಹೋಗಿ ಜಲ್ಲಿಯ ಮೇಲೆ ಬೇಕೆಂದೇ ಬ್ರೇಕು ತುಳಿದು ನೋಡಿದ. ಗಾಲಿ ಕಚ್ಚಿ ನಿಂತು ಕಾರು ಸರ್ರನೆ ಜಾರಿತು, ಕಾಲು ಮಾತ್ರ ಕಲ್ಲಿನಷ್ಟು ಗಟ್ಟಿ. ಅಂಬಾರಾಯ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಅತ್ತ. ಅಂದಿನಿಂದ ಆ ಹಳದಿ ದೀಪದ ಮೇಲೆ ಅವನಿಗೆ ಒಳಗೊಳಗೇ ಭಕ್ತಿ ಹುಟ್ಟಿತು. ಹೇಗೆಂದು ಗೊತ್ತಿರದಿದ್ದರೂ, ದೀಪಕ್ಕೂ ತನ್ನ ಕಾಲಿಗೂ ನಂಟಿದೆ ಎಂಬುದನ್ನು ಮಾತ್ರ ಅವನು ಸರಿಯಾಗಿಯೇ ಹಿಡಿದಿದ್ದ. ಈಗ ಅದನ್ನು ಆರಿಸಲೇಬೇಕು ಎಂಬ ಹುಕುಂ ಬಂದಿತ್ತು. ಆರಿದರೆ ಕಾಲು ಹೋಗುತ್ತದೆ, ಆರದಿದ್ದರೆ ಕೆಲಸ ಹೋಗುತ್ತದೆ.

ಆಳಂದದಲ್ಲಿ ಬಾಯಿಯವರನ್ನು ಅವರ ತಂಗಿ ಮಥುರಾಬಾಯಿಯ ಮನೆಯಲ್ಲಿ ಇಳಿಸಿ, ಕಾರನ್ನು ಬುರಾನುದ್ದೀನನ ಗ್ಯಾರೇಜಿಗೆ ತಂದು ನಿಲ್ಲಿಸಿದ. ಬುರಾನುದ್ದೀನ ಒಳ್ಳೆಯ ಮಿಸ್ತ್ರಿ, ಆದರೆ ಸುಸ್ತಾದ ಮಿಸ್ತ್ರಿ. ಭೂಸನೂರ ಫ್ಯಾಕ್ಟರಿಗೆ ಕಬ್ಬು ಸಾಗಿಸುವ ಲಾರಿಗಳ ಕೆಳಗೆ ಮಲಗಿ ಮಲಗಿ ಅವನ ಬೆನ್ನು ಹೋಗಿತ್ತು. ಹೊಸ ನಮೂನೆಯ ಕಾರು ಕಂಡರೆ ಮುಖ ಸಿಂಡರಿಸುತ್ತಿದ್ದ.

"ಇದನ್ನ ಯಾಕ ತಂದ್ಯೋ ಅಂಬಾರಾಯಣ್ಣಾ? ಇದರ ಹೊಟ್ಟ್ಯಾಗ ಕಂಪ್ಯೂಟರ್ ಅದಂತ. ನಾ ಏನ ಮಾಡ್ಲಿ ಕಂಪ್ಯೂಟರಿಗೆ?"

ಬೈಯುತ್ತಲೇ ಶುರುಮಾಡಿದ. ಬ್ರೇಕಿನ ಎಣ್ಣೆ ನೋಡಿದ, ಸರಿಯಿತ್ತು. ಬ್ಯಾಟರಿಯ ತಂತಿ ಕಿತ್ತು, ಬೀಡಿ ಸೇದುವಷ್ಟು ಹೊತ್ತು ಬಿಟ್ಟು, ಮತ್ತೆ ಹಚ್ಚಿದ. ಇಂಜಿನ್ ಚಾಲೂ ಮಾಡಿದರೆ ದೀಪ ಮಿನುಗಿ ಆರಿತು. ಬುರಾನುದ್ದೀನ ಗೆದ್ದವನ ಹಾಗೆ ನೋಡಿದ. ಕಾರನ್ನು ಗ್ಯಾರೇಜಿನ ಬಾಗಿಲ ತನಕ ಉರುಳಿಸಿದ್ದೇ ತಡ, ಮತ್ತೆ ಹೊತ್ತಿತು. ಇನ್ನೊಮ್ಮೆ ಮಾಡಿದ, ಇನ್ನೊಮ್ಮೆ ಅದೇ.

"ನಿಂತಾಗ ಸುಮ್ನ ಇರ್ತದ, ಗಾಲಿ ತಿರುಗಿದ ಕೂಡ್ಲೆ ಹೊತ್ತತದ," ಎಂದ ಬುರಾನುದ್ದೀನ. "ಗಾಲಿ ಕಡೆನೇ ಏನೋ ಐಬ ಅದ. ಬಿಚ್ಚಿ ನೋಡೂಣು."

ಅಂಬಾರಾಯ ಗಾಲಿಗೆ ಅಡ್ಡ ಬಂದು ನಿಂತ. "ಗಾಲಿ ಗೊಡವಿ ಯಾಕ ಭಾಯಿ? ದೀಪದ ಬಲ್ಬ್ ತೆಗದ ಬಿಡು. ಸಾಹೇಬ್ರಿಗೆ ದೀಪ ಕಾಣಬಾರದು, ಅಷ್ಟ."

"ತೆಗೀತಿದ್ದೆ," ಎಂದ ಬುರಾನುದ್ದೀನ ಸಂಕೋಚವಿಲ್ಲದೆ. "ಲಾರಿ ಆಗಿದ್ರ ತೆಗೀತಿದ್ದೆ. ಇದರ ಪ್ಲಾಸ್ಟಿಕ್ ಬಿಚ್ಚಾಕ ಹೋದ್ರ ಒಡೀತದ. ಆಮ್ಯಾಲ ಡಾಕ್ಟರ್ ನನ್ನ ತಲಿ ಒಡೀತಾರ."

ಎಡಗಡೆಯ ಗಾಲಿಯಿಂದ ಶುರುಮಾಡಿದ. ಅಲ್ಲಿ ರಾಡಿ ಬಿಟ್ಟರೆ ಏನೂ ಇರಲಿಲ್ಲ. ಬಲಗಡೆಗೆ ಜಾಕು ಹಚ್ಚುವಾಗ ಅಂಬಾರಾಯ ಚಹಾ ಕುಡಿಯೋಣ ಬಾ ಎಂದ, ಮಳೆ ಬರುವ ಹಾಗಿದೆ ಎಂದ. ಬುರಾನುದ್ದೀನ ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಲಿ ಕಳಚಿ, ಟಾರ್ಚು ಬಿಟ್ಟು ಒಳಗೆ ಇಣುಕಿದ. ಗಾಲಿಯ ಜೊತೆ ತಿರುಗುವ ಒಂದು ಹಲ್ಲಿನ ಬಳೆ, ಅದರ ಎದುರಿಗೆ ತಂತಿ ಜೋಡಿಸಿದ ಕಿರುಬೆರಳಿನಷ್ಟು ಒಂದು ಸಾಮಾನು. ಆ ಸಾಮಾನಿನ ತುದಿಗೆ ಒಂದು ಕಬ್ಬಿಣದ ಮೊಳೆ ಕಚ್ಚಿಕೊಂಡಿತ್ತು. ಬೆರಳಿನಿಂದ ಎಳೆದರೆ ಬರಲೊಲ್ಲದು, ಬಿಟ್ಟರೆ ಟಕ್ಕನೆ ಹೋಗಿ ಮತ್ತೆ ಕಚ್ಚುತ್ತದೆ. ಅದರ ಹಿಂದೆ ಸಲಾಕೆಗೆ ಸುತ್ತಿದ ಕರಿದಾರ.

"ಇಲ್ಲಿ ಅಯಸ್ಕಾಂತ ಅದ. ಮೊಳಿ ಬಂದು ಕುಂತದ, ಹಲ್ಲಿನ ಲೆಕ್ಕ ಇದಕ್ಕ ಸಿಗವಲ್ದು," ಎಂದು ತನಗೆ ತಾನೇ ಹೇಳಿಕೊಂಡು, ತಲೆ ಹೊರಗೆ ತೆಗೆದ. "ಇದನ್ಯಾರ ಕಟ್ಟ್ಯಾರ?"

ಅಂಬಾರಾಯ ಪ್ಯಾಂಟು ಮೇಲೆತ್ತಿ ತನ್ನ ಕಾಲು ತೋರಿಸಿದ. ಅದೇ ದಾರ, ಅದೇ ಮೊಳೆ. ಆಮೇಲೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ: ಎಮ್ಮೆ, ಅಪ್ಪನ ಮಷೀನು, ಗಾಣಗಾಪುರ, ನಿಂತುಹೋದ ನಡುಕ. ಹೇಳಿ ಮುಗಿಸಿ, "ತೆಗಿಬ್ಯಾಡ ಭಾಯಿ," ಎಂದು ಕೈ ಮುಗಿದ.

ಬುರಾನುದ್ದೀನ ನಗಲಿಲ್ಲ. "ನಮ್ಮ ಮನಿಯಾಕಿ ಖಾಸೀಂಬಿನೂ ನನ್ನ ಸ್ಕೂಟರಿಗೆ ತಾಯತ ಕಟ್ಟ್ಯಾಳ. ಇರ್ಲಿ, ಅದು ಹ್ಯಾಂಡಲಿಗೆ ಅದ. ಇದು ಬ್ರೇಕಿನ ಹತ್ರ ಅದಲ್ಲೋ. ಇದರಾಗ ಬಾಯಾರು ಕೂಡ್ತಾರ. ನೀನೇ ಹೇಳು, ಬಿಡಲೇನು?"

ಅವನು ನಿಜವಾಗಿಯೂ ಕೇಳುತ್ತಿದ್ದ. ಇಕ್ಕಳದಲ್ಲಿ ಮೊಳೆಯನ್ನು ಹಿಡಿದು, ಅಂಬಾರಾಯನ ಮುಖ ನೋಡುತ್ತ ಕಾದ. ಅಂಬಾರಾಯನಿಗೆ ಸಿಟ್ಟು ಬಂತು. ಸುಮ್ಮನೆ ಕಿತ್ತು ಬಿಸಾಕಿದ್ದರೆ ಅವನನ್ನು ಬೈದುಕೊಂಡಾದರೂ ಇರಬಹುದಿತ್ತು. ಈಗ ತನ್ನ ಬಾಯಿಂದಲೇ ಹೇಳಬೇಕು. ಬಿಡು ಎಂದರೆ ಬಿಡುವವನೇ ಬುರಾನುದ್ದೀನ. ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತು, ದಾರಿಯುದ್ದಕ್ಕೂ ಮೊಮ್ಮಕ್ಕಳ ಸುದ್ದಿ ಹೇಳುವ ಮುದುಕಿಯ ಮುಖ ಕಣ್ಣಿಗೆ ಬಂತು. ಅವರಿಗೇನು ಗೊತ್ತು, ಯಾವ ಕಾಲನ್ನು ನಂಬಿ ಕೂತಿದ್ದೇನೆಂದು.

"ತೆಗಿ," ಎಂದ. ಹೇಳಿ ಹೊರಗೆ ಹೋಗಿ ನಿಂತ.

ಗಾಲಿ ಹಚ್ಚಿದ ಮೇಲೆ ಇಬ್ಬರೂ ಕಾರನ್ನು ಹಿರೋಳ್ಳಿ ಕಡೆಯ ರಸ್ತೆಗೆ ತಂದರು. ದೀಪ ಆರಿತ್ತು. ಜಲ್ಲಿ ಹರಡಿದ್ದ ಕಡೆ ಬಂದಾಗ ಬುರಾನುದ್ದೀನ ಬ್ರೇಕು ನೋಡು ಎಂದ. ಅಂಬಾರಾಯ ಕಣ್ಣು ಮುಚ್ಚಿಕೊಳ್ಳದೆ, ಆದರೆ ಮುಚ್ಚಿಕೊಂಡವನ ಹಾಗೆಯೇ ತುಳಿದ.

ಗಡಗಡ. ಪಾದ, ಮೀನಖಂಡ, ಮೊಳಕಾಲು.

ಕಾರು ನಿಂತಿತು. ಅಂಬಾರಾಯ ಬೀಗದ ಕೈ ತಿರುವಿ ಇಂಜಿನ್ ಬಂದ್ ಮಾಡಿ ಇಳಿದ. ಅಳು ಬರಲಿಲ್ಲ, ಅಷ್ಟು ದಣಿವಾಗಿತ್ತು. ಒಂದು ರೀತಿಯಲ್ಲಿ ಹಗುರವೂ ಆಯಿತು. ಇನ್ನು ಬಚ್ಚಿಡುವ ಕೆಲಸ ಉಳಿಯಲಿಲ್ಲ. "ಭಾಯಿ, ವಾಪಸ್ ನೀನೇ ಓಡ್ಸು. ಸಾಹೇಬ್ರಿಗೆ ನಾನೇ ಫೋನ್ ಮಾಡಿ ಹೇಳ್ತೇನಿ, ಬ್ಯಾರೆ ಡ್ರೈವರ್ ನೋಡ್ಕೋರಿ ಅಂತ," ಎಂದ.

ಬುರಾನುದ್ದೀನ ಸ್ಟೇರಿಂಗಿನ ಹಿಂದೆ ಬಂದು ಕೂತ, ಅಂಬಾರಾಯ ಪಕ್ಕದ ಸೀಟಿಗೆ ಹತ್ತಿದ. ಬುರಾನುದ್ದೀನ ಕಾರು ತಿರುಗಿಸಿಕೊಂಡು ಹೊರಟ. ಅಷ್ಟರಲ್ಲಿ ಜಾಲಿಯ ಕಂಟಿಯೊಳಗಿಂದ ಒಂದು ಆಡು ಹಾರಿ ರಸ್ತೆಗೆ ಬಂತು. ಬುರಾನುದ್ದೀನ ಬ್ರೇಕನ್ನು ಗಟ್ಟಿಯಾಗಿ ತುಳಿದ.

"ಯಾ ಅಲ್ಲಾ!" ಎಂದು ಚೀರಿದ. "ಏನ್ ಮುರೀತೋ ಕೆಳಗ? ಮೊಳಿ ತೆಗಿಯಾಕ ಹೋಗಿ ಏನ ಕೆಡಿಸಿದೆ ನಾ?"

ಅಂಬಾರಾಯ ಆಡನ್ನು ನೋಡಲಿಲ್ಲ, ರಸ್ತೆಯನ್ನು ನೋಡಲಿಲ್ಲ. ಅವನ ಕಣ್ಣು ಬುರಾನುದ್ದೀನನ ಮೊಳಕಾಲಿನ ಮೇಲಿತ್ತು. ಎಣ್ಣೆ ಮೆತ್ತಿದ ಆ ಪ್ಯಾಂಟಿನೊಳಗೆ ಮೊಳಕಾಲು ಗಡಗಡ ಕುಣಿದಿದ್ದನ್ನು ಅವನು ಕಂಡಿದ್ದ.

"ಇನ್ನೊಮ್ಮೆ ಹಾಕು," ಎಂದ.

"ಹುಚ್ಚ ಹಿಡದದೇನು?"

"ಇನ್ನೊಮ್ಮೆ ಹಾಕೋ ಭಾಯಿ. ನಿನ್ನ ಕಾಲ ಬೀಳ್ತೇನಿ."

ಬುರಾನುದ್ದೀನ ಬಿಸ್ಮಿಲ್ಲಾ ಎಂದು ವೇಗ ಹಿಡಿದು ಮತ್ತೆ ತುಳಿದ. ಅಂಬಾರಾಯ ಅವನ ಮೊಳಕಾಲಿನ ಮೇಲೆ ಅಂಗೈ ಒತ್ತಿ ಹಿಡಿದಿದ್ದ. ನಡುಕ ಬಂತು, ಅಂಗೈಯೊಳಗೆ ಹತ್ತಿತು. ಬುರಾನುದ್ದೀನನ ವಂಶದಲ್ಲಿ ಯಾರೂ ಹೊಲಿಗೆ ಮಷೀನು ತುಳಿದವರಿರಲಿಲ್ಲ. ಅಂಬಾರಾಯ ನಗಲು ಶುರುಮಾಡಿದ. ನಗುನಗುತ್ತ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಇನ್ನೊಬ್ಬನ ಕಾಲು ನಡುಗುವುದನ್ನು ನೋಡಿ ಇಷ್ಟು ಸಂತೋಷಪಡುವುದು ಒಳ್ಳೆಯದಲ್ಲ ಎಂದು ಅವನಿಗೂ ಅನ್ನಿಸಿತು, ಆದರೂ ನಗು ನಿಲ್ಲಲಿಲ್ಲ.

ಬುರಾನುದ್ದೀನನಿಗೆ ನಗಲು ಧೈರ್ಯವಿರಲಿಲ್ಲ. ನೇರ ಫೋನಿನ ಅಂಗಡಿಗೆ ಹೋಗಿ, ಸೊಲ್ಲಾಪುರದ ದೊಡ್ಡ ಗ್ಯಾರೇಜಿನಲ್ಲಿದ್ದ ತನ್ನ ಸೋದರಮಾವನ ಮಗ ಖಾಜಾನಿಗೆ ಫೋನು ಹಚ್ಚಿದ. ಗಾಜಿನ ಡಬ್ಬಿಯೊಳಗೆ ಅವನು ಮೊದಲು ಕಿರುಚಿದ್ದು, ಆಮೇಲೆ ಕೇಳಿಸಿಕೊಂಡಿದ್ದು, ಆಮೇಲೆ ಹಲ್ಲು ಬಿಟ್ಟಿದ್ದು ಹೊರಗೆ ನಿಂತ ಅಂಬಾರಾಯನಿಗೆ ಕಂಡಿತು.

"ಅದು ಹಂಗೇ ನಡಗಬೇಕಂತ," ಎಂದ ಹೊರಗೆ ಬಂದು. "ಗಾಲಿ ಕಚ್ಚಿ ಜಾರಬಾರದು ಅಂತ ಬ್ರೇಕ್ ತಾನೇ ಹಿಡೀತದ, ತಾನೇ ಬಿಡ್ತದ, ಅದಕ್ಕ ಪೆಡಲ್ ಕುಣೀತದ. ಕಾಲ ಎತ್ತಬಾರದಂತ, ಒತ್ತೇ ಹಿಡಿಬೇಕಂತ. ದೀಪ ಹೊತ್ತಿದ್ರ ಈ ಕೆಲಸ ಬಂದ್ ಅಂತ ಅರ್ಥ, ಬರೇ ನಮ್ಮ ಹಳೇ ಬ್ರೇಕ್ ಉಳೀತದ. ಖಾಜಾ ನಕ್ಕ ನನಗ. ನಗ್ಲಿ."

ಅಂದರೆ ಎಮ್ಮೆ ಬಂದ ದಿನ ಬ್ರೇಕು ತನ್ನ ಕೆಲಸ ತಾನು ಮಾಡಿತ್ತು. ಕಾಲೆತ್ತಿದವನು ಅಂಬಾರಾಯ. ಆಮೇಲೆ ಇಷ್ಟು ದಿನ ಆ ಕೆಲಸವನ್ನು ಮೊಳೆ ಕಟ್ಟಿ ನಿಲ್ಲಿಸಿದವನೂ ಅಂಬಾರಾಯನೇ. ಇದು ಅವನಿಗೆ ಮಥುರಾಬಾಯಿಯ ಮನೆ ಮುಟ್ಟುವಷ್ಟರಲ್ಲಿ ನಿಧಾನವಾಗಿ ತಿಳಿಯುತ್ತ ಬಂತು, ಬಂದಷ್ಟೂ ನಗು ಕಡಿಮೆಯಾಯಿತು. ಆದರೂ ಕಾಲು ಗಟ್ಟಿಯಿದೆ ಎಂಬ ಸಂತೋಷ ದೊಡ್ಡದಾಗಿಯೇ ಇತ್ತು.

ಭಾಗೀರಥಿಬಾಯಿ ಕೈಚೀಲ ಹಿಡಿದು ಕಟ್ಟೆಯ ಮೇಲೆ ಕಾಯುತ್ತಿದ್ದರು.

"ದೀಪ ದೊಡ್ಡದಾತ್ರಿ ಬಾಯಾರ," ಎಂದ ಅಂಬಾರಾಯ. "ಬ್ರೇಕಿನಾಗ ಮೊಳಿ ಸಿಕ್ಕಿತ್ತು. ಈ ಗಾಡಿ ಬ್ರೇಕ್ ಜೋರ ಹಾಕಿದ್ರ ಪೆಡಲ್ ತಾನೇ ನಡಗ್ತದಂತ್ರಿ. ಬುರಾನುದ್ದೀನಂದೂ ಕಾಲ ನಡಗಿತು. ಅದರ ಸ್ವಭಾವನೇ ಹಂಗಂತ."

ಭಾಗೀರಥಿಬಾಯಿ ಅವನ ಕಾಲಿನ ಕಡೆ ನೋಡಿದರು. "ಹಂಗಾದ್ರ ನಿನ್ನ ಕಾಲಿಗೆ ಏನೂ ಆಗಿಲ್ಲ?"

ತನ್ನ ಕಾಲಿನ ಮಾತನ್ನು ಅಂಬಾರಾಯ ಅವರ ಮುಂದೆ ಎಂದೂ ಎತ್ತಿರಲಿಲ್ಲ.

"ನಿಮಗ... ಗೊತ್ತಿತ್ತೇನ್ರಿ?"

"ಹೊಲದಾಗ ಗಾಡಿ ಇಳಿದಾಗ ಅಂದ್ಯಲ್ಲ, 'ಅಪ್ಪಂದು ನನಗೂ ಬಂತು' ಅಂತ. ನೀ ಅಂದದ್ದು ನಿನಗ ಕೇಳಿಲ್ಲ. ನನಗ ಕೇಳ್ತು. ಗಾಣಗಾಪುರದಾಗ ಗಾಡಿ ಕೆಳಗ ಮಲಗಿ ದಾರ ಕಟ್ಟೂದೂ ಕಂಡೆ. ನಿಮ್ಮ ಅಪ್ಪ ನನ್ನ ಕುಪ್ಪಸ ಹೊಲೀತಿದ್ದ, ಅಂಬಾರಾಯ. ಅವನ ಕಾಲ ನಾನೂ ನೋಡೇನಿ."

"ಮತ್ತ ಎಮ್ಮಿ ಬಂದಾಗ ನೀವು ಚೀರಿದ್ರಿ ಅಂತ..."

"ನಾ ಎಲ್ಲಿ ಚೀರಿದೆ?"

ಅಂಬಾರಾಯ ಕಾರಿನ ಬಾಗಿಲಿಗೆ ಕೈ ಊರಿ ನಿಂತ. ಇಷ್ಟು ದಿನ ತಾನು ಒಬ್ಬನೇ ಹೊತ್ತುಕೊಂಡಿದ್ದೇನೆ ಎಂದು ತಿಳಿದಿದ್ದ. "ಗೊತ್ತಿದ್ದೂ ನನ್ನ ಗಾಡ್ಯಾಗ ಯಾಕ ಕುಂತ್ರಿ ಬಾಯಾರ? ಅಂಜಿಕಿ ಆಗಲಿಲ್ಲೇನು?"

"ಆಗದ ಏನು? ಜೀವ ಕೈಯಾಗ ಹಿಡಕೊಂಡ ಕೂಡ್ತಿದ್ದೆ," ಎಂದರು ಭಾಗೀರಥಿಬಾಯಿ, ರೇಗಿದವರ ಹಾಗೆ. "ನಾ ಕೂಡೂದಿಲ್ಲ ಅಂದ್ರ ಶ್ರೀಪಾದ ಯಾಕ ಅಂತ ಕೇಳ್ತಿದ್ದ. ಏನ ಹೇಳ್ಲಿ ಅವಗ? ಸುಳ್ಳ ಒಮ್ಮೆ ಹೇಳಬಹುದು, ದಿನಾ ಹೇಳಾಕ ಆಗ್ತದೇನು? ಕುಂತಬಿಟ್ರ ಅವ ಕೇಳೂದೇ ಇಲ್ಲ."

"ತಪ್ಪಾತ್ರಿ," ಎಂದ ಅಂಬಾರಾಯ. "ನಾ ನಿಮ್ಮನ್ನ ಕೇಳಬೇಕಿತ್ತು. ಕೇಳದನ ಕೂಡಿಸ್ಕೊಂಡ ತಿರುಗಿದೆ."

"ಹೌದು, ಕೇಳಬೇಕಿತ್ತು," ಎಂದರು ಅವರು. ಆ ಮಾತನ್ನು ಮೆತ್ತಗೆ ಮಾಡುವ ಗೋಜಿಗೆ ಹೋಗಲಿಲ್ಲ. "ಈಗ ಬಾಗಲಾ ತೆಗಿ. ಹೊತ್ತ ಮುಳುಗೂದ್ರಾಗ ಮನಿ ಮುಟ್ಟಬೇಕು."

ಆಳಂದ ದಾಟಿದ ಮೇಲೆ ಅವರು ಎಂದಿನ ಹಾಗೆ ಮಾತು ಶುರುಮಾಡಿದರು, ಮಥುರಾಬಾಯಿಯ ಮೊಣಕಾಲು ನೋವು, ಅವಳ ಸೊಸೆಯ ಅಡುಗೆ. ಮುಂದೆ ಒಂದು ಟ್ರ್ಯಾಕ್ಟರು ಕಂಡು ಅಂಬಾರಾಯ ಮೆಲ್ಲಗೆ ಬ್ರೇಕು ಒತ್ತಿದ, ಕನ್ನಡಿಯಲ್ಲಿ ಹಿಂದೆ ನೋಡಿದ. ಬಾಯಿಯವರ ಮಾತು ನಿಂತಿರಲಿಲ್ಲ, ದನಿಯೂ ಬದಲಾಗಿರಲಿಲ್ಲ. ಆದರೆ ಅವರ ಬಲಗೈ ಮುಂದಿನ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು, ಗೆಣ್ಣುಗಳು ಬೆಳ್ಳಗಾಗುವಷ್ಟು ಗಟ್ಟಿಯಾಗಿ. ಬ್ರೇಕಿನ ವಿಷಯ ಅವರಿಗೆ ತಿಳಿದಿತ್ತು, ಕೈಗೆ ಇನ್ನೂ ತಿಳಿದಿರಲಿಲ್ಲ. ಇಷ್ಟು ದಿನ ಆ ಕನ್ನಡಿಯಲ್ಲಿ ಲಾರಿ ನೋಡಿದ್ದ, ಬಸ್ಸು ನೋಡಿದ್ದ, ಆ ಕೈಯನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ.

ಅಂಬಾರಾಯ ವೇಗ ಇಳಿಸಿದ. ಹಿಂದೆ ಬರುತ್ತಿದ್ದ ಲಾರಿಯವನು ಹಾರ್ನು ಹೊಡೆಯತೊಡಗಿದ. ಅವನಿಗೆ ಕೈ ಮಾಡಿ ಮುಂದೆ ಹೋಗಲು ಬಿಟ್ಟು, ಅಫಜಲಪುರದ ತನಕ ಹಾಗೆಯೇ ನಿಧಾನ ಹೋದ.